ಹೂವಿನಂಗಡಿ ಫೋಟೊ

ಮದುವೆ ಮನೆಯಲ್ಲಿ ಕೂಸಿದ್ದವಳಿಗೆ ಕೂಸಿನ ಕೆಲಸ, ಗಂಡನಿದ್ದವಳಿಗೆ ಗಂಡನ ಕೆಲಸ, ಎರಡೂ ಇಲ್ಲದವಳಿಗೆ ಊರವರ ಕೆಲಸವೆಲ್ಲ. ನಜ್ಮುನ್ನೀಸಾಳ ಕೈಗೆ ಕ್ಯಾಮೆರಾ ಬಂದದ್ದು ಹೀಗೆಯೇ.

ನಾಲ್ಕು ವರ್ಷದ ಹಿಂದಿನ ಮಾತು. ಆರ್.ಟಿ. ನಗರದ ಒಂದು ಶಾದಿಮಹಲಿನಲ್ಲಿ ಅವಳ ದೊಡ್ಡಮ್ಮನ ಮೊಮ್ಮಗಳ ಮದುವೆ. ಗಂಡಸರ ಕಡೆಗೂ ಹೆಂಗಸರ ಕಡೆಗೂ ನಡುವೆ ಹಸಿರು ಪರದೆ ಕಟ್ಟಿತ್ತು. ಫೋಟೊದವನು ಗಂಡಸು, ಅವನು ಒಳಗೆ ಬರುವ ಹಾಗಿಲ್ಲ. "ಯಾರಾದ್ರೂ ಒಳಗಡೆಯೋರೇ ತೆಗೀರಮ್ಮ, ಬಟನ್ ಒತ್ತಿದ್ರೆ ಆಯ್ತು, ಮಿಕ್ಕಿದ್ದೆಲ್ಲ ಅದೇ ಮಾಡ್ಕೊಳ್ಳುತ್ತೆ" ಎಂದು ಪರದೆಯ ಅಡಿಯಿಂದ ಕ್ಯಾಮೆರಾ ದಾಟಿಸಿದ. ಅದು ಕೈಯಿಂದ ಕೈಗೆ ಹೋಯಿತು. ಒಬ್ಬಳ ಕಂಕುಳಲ್ಲಿ ಮಗು, ಒಬ್ಬಳ ಅಂಗೈಯಲ್ಲಿ ಒಣಗದ ಮೆಹಂದಿ, ಒಬ್ಬಳ ಕೈಯಲ್ಲಿ ಶರಬತ್ತಿನ ತಟ್ಟೆ. ಕೊನೆಗೆ ದೊಡ್ಡಮ್ಮ ಅಂದಳು: "ನಜ್ಮಾಗೆ ಕೊಡ್ರೇ. ಅವಳ ಕೈ ಯಾವತ್ತೂ ಖಾಲಿನೇ."

ಯಾರೂ ನಗಲಿಲ್ಲ. ನಕ್ಕಿದ್ದರೆ ತಮಾಷೆಯೆಂದು ಅವಳೂ ನಕ್ಕುಬಿಡಬಹುದಿತ್ತು.

ಆ ದಿನದ ಫೋಟೊಗಳು ಹೇಗಿದ್ದವು ಅಂತೀರಿ. ಮದುಮಗಳಿಗೆ ಹಣೆಯಿಲ್ಲ, ಅತ್ತೆಗೆ ಕಾಲಿಲ್ಲ, ಅಜ್ಜಿಯ ನೆತ್ತಿಯಿಂದ ಸೀಲಿಂಗ್ ಫ್ಯಾನ್ ಮೊಳೆತುಬಿಟ್ಟಿದೆ. ನೆಂಟರು ತಿಂಗಳುಗಟ್ಟಲೆ ಹೇಳಿಕೊಂಡು ನಕ್ಕರು. ಆದರೆ ನಜ್ಮುನ್ನೀಸಾ ಒಂದು ಸಂಗತಿ ಗಮನಿಸಿದ್ದಳು. ಕ್ಯಾಮೆರಾ ಕೈಯಲ್ಲಿದ್ದ ಅಷ್ಟು ಹೊತ್ತು ಒಬ್ಬರೂ ಅವಳನ್ನು "ಯಾಕೆ ಮೂಲೇಲಿ ಒಬ್ಬಳೇ ಕೂತಿದ್ದೀಯಾ" ಎಂದು ಕೇಳಿರಲಿಲ್ಲ.

ಇಪ್ಪತ್ತೆರಡಕ್ಕೆ ನಿಕಾಹ್ ಆಗಿ, ಇಪ್ಪತ್ತನಾಲ್ಕಕ್ಕೆ ಒಂದು ಸೂಟ್‌ಕೇಸಿನ ಜೊತೆ ತಿರುಗಿ ಬಂದವಳು. ಆಮೇಲೆ ಅಪ್ಪ ಹೋದರು, ಅಮ್ಮ ಹೋದರು, ತಮ್ಮ ಹೆಂಡತಿಯ ಊರಿನಲ್ಲಿ ನೆಲೆಯೂರಿದ. ಈಗ ನಲವತ್ತಾರು. ಕಾವಲ್ ಭೈರಸಂದ್ರದಲ್ಲಿ ಮಹಡಿಯ ಮೇಲಿನ ಒಂದು ಕೋಣೆ, ಒಂದು ಹೊಲಿಗೆ ಮಿಷನ್ನು, ಸೀರೆಗೆ ಫಾಲ್ ಹಚ್ಚುವ ಕೆಲಸ. ಬೆಳಗ್ಗೆ ಎದ್ದು ಮಿಷನ್ನಿನ ಮುಂದೆ ಕೂತರೆ ಮಧ್ಯಾಹ್ನದವರೆಗೆ ಬಾಯಿ ತೆರೆಯುವ ಪ್ರಮೇಯವೇ ಇರುತ್ತಿರಲಿಲ್ಲ. ಸೊಪ್ಪಿನವನು ಬಂದಾಗ "ಎಷ್ಟು" ಎಂದು ಕೇಳಿದರೆ ಗಂಟಲು ಕಟ್ಟಿದ ಹಾಗೆ ದನಿ ಬರುತ್ತಿತ್ತು.

ಮದುವೆ ಕಳೆದು ಎರಡು ತಿಂಗಳಿಗೆ ಅವಳು ಬಳ್ಳಾರಿ ರಸ್ತೆ ದಾಟಿ ಸಂಜಯನಗರಕ್ಕೆ ಹೋದಳು. ಅಲ್ಲಿ ಪ್ರತಿಭಾ ಸ್ಟುಡಿಯೊ ಎಂದೊಂದು ಹಳೇ ಅಂಗಡಿ. ಗಾಜಿನ ಕಪಾಟಿನಲ್ಲಿ "ಸೆಕೆಂಡ್ ಹ್ಯಾಂಡ್" ಎಂದು ಚೀಟಿ ಅಂಟಿಸಿದ ಕ್ಯಾಮೆರಾ ಇಟ್ಟಿದ್ದರು. ಅಂಗಡಿಯ ನರಸಿಂಹಯ್ಯ ಎಪ್ಪತ್ತು ದಾಟಿದವರು, ನಾಗಶೆಟ್ಟಿಹಳ್ಳಿಯ ರೈತರ ಮನೆಯವರು. ಅಣ್ಣತಮ್ಮಂದಿರು ರಾಗಿ ಹೊಲದ ಮೇಲೆ ಅಪಾರ್ಟ್‌ಮೆಂಟ್ ಎಬ್ಬಿಸಿದರೆ ಇವರೊಬ್ಬರು ಮನೆಯೊಳಗೆ ಕತ್ತಲೆ ಕೋಣೆ ಕಟ್ಟಿಕೊಂಡು ರೀಲು ತೊಳೆಯುತ್ತ ಕೂತವರು. ಹೆಂಡತಿಯ ಹೆಸರನ್ನು ಅಂಗಡಿಗಿಟ್ಟರು. ಈಗ ಹೆಸರು ಬೋರ್ಡಿನ ಮೇಲಷ್ಟೇ ಉಳಿದಿತ್ತು.

"ಯಾರಿಗಮ್ಮ, ಮಗನಿಗಾ?" ಎಂದು ಕೇಳಿದರು.

"ನನಗೇ ಸಾರ್."

ಅವರು ಕನ್ನಡಕ ಸರಿಮಾಡಿಕೊಂಡು ಅವಳನ್ನು ನೋಡಿ, "ಹಂಗಾದ್ರೆ ಗುರುವಾರ ಗುರುವಾರ ಬಾ. ಆವತ್ತು ಪಾಸ್‌ಪೋರ್ಟ್ ಫೋಟೊದೋರೂ ಕಮ್ಮಿ" ಎಂದರು.

ಹೀಗೆ ಕ್ಯಾಮೆರಾ ಅವಳದಾಯಿತು, ಪಾಠವೂ ಶುರುವಾಯಿತು. ಆದರೆ ಈ ಪಾಠಕ್ಕೆ ಒಂದು ತೊಡಕಿತ್ತು.

ಹೆಂಗಸರ ಕಡೆಯ ಫೋಟೊಗೆ ಒಂದು ಕಟ್ಟುಪಾಡು. ತೆಗೆದ ಚಿತ್ರಗಳೆಲ್ಲ ಮದುಮಗಳ ಮನೆಯವರವು. ಪ್ರತಿ ಮದುವೆಗೂ ಹೊಸ ಮೆಮೊರಿ ಕಾರ್ಡು. ಹುಡುಗಿಯನ್ನು ಬೀಳ್ಕೊಡುವ ಬಿದಾಯಿಗೆ ಮೊದಲೇ ಅದನ್ನು ಕ್ಯಾಮೆರಾದಿಂದ ತೆಗೆದು, ಲಕೋಟೆಗೆ ಹಾಕಿ, ಮದುಮಗಳ ತಾಯಿಯ ಕೈಗಿಡಬೇಕು. ಒಂದೇ ಒಂದು ಚಿತ್ರವೂ ಹೊರಗೆ ಹೋಗಕೂಡದು, ಗಂಡಸರ ಕಣ್ಣಿಗಂತೂ ಬೀಳಲೇಕೂಡದು. ನಜ್ಮುನ್ನೀಸಾಳನ್ನು ಜನ ಕರೆಯತೊಡಗಿದ್ದೇ ಅದಕ್ಕೆ. "ಅವಳು ಬಾಯೂ ಬಿಗಿ, ಕಾರ್ಡೂ ಬಿಗಿ" ಎನ್ನುತ್ತಿದ್ದರು. ಅಂದಮೇಲೆ ನರಸಿಂಹಯ್ಯನವರಿಗೆ ತೋರಿಸುವುದೇನನ್ನು?

ಅವರೇ ದಾರಿ ಹುಡುಕಿದರು. ಗಾಜಿನ ಕೌಂಟರಿನ ಮೇಲೆ ಎರಡೂ ಕೈ ಊರಿ, ಕಣ್ಣು ಮುಚ್ಚಿ ಕೂತು, "ಹೇಳಮ್ಮ, ನೋಡೋಣ" ಎಂದರು.

ಅವಳು ಹೇಳುವುದು, ಅವರು ಕೇಳಿ ನೋಡುವುದು.

"ಹುಡುಗಿ ಕಿಟಕಿ ಹತ್ರ ಕೂತಿದ್ಲು ಸಾರ್. ಹಳದಿ ಬಟ್ಟೆ. ತುಂಬಾ ಚೆನ್ನಾಗಿತ್ತು."

"ಚೆನ್ನಾಗಿತ್ತು ಅನ್ನೋದನ್ನ ನಾನು ಹೇಳ್ತೀನಿ. ನೀನು ಕಿಟಕಿ ಎಲ್ಲಿತ್ತು ಹೇಳು."

"ಅವಳ ಹಿಂದೆ."

"ಹಂಗಾದ್ರೆ ಮುಖ ಇದ್ದಿಲು."

ಅವಳು ಬೆರಗಾದಳು. ಕ್ಯಾಮೆರಾದ ಪುಟ್ಟ ತೆರೆಯಲ್ಲಿ ಮುಖ ಇದ್ದಿಲಿನ ಹಾಗೇ ಕಂಡಿತ್ತು, ನಾಚಿಕೆಯಿಂದ ಹೇಳದೆ ಬಿಟ್ಟಿದ್ದಳು. "ಬೆಳಕಿಗೆ ನಿನ್ನ ಬೆನ್ನು ಕೊಡು, ಹುಡುಗಿಗೆ ನಿನ್ನ ಮುಖ ಕೊಡು. ಅಷ್ಟು ಮಾಡಿದ್ರೆ ಅರ್ಧ ಫೋಟೊಗ್ರಾಫರ್" ಎಂದರು ನರಸಿಂಹಯ್ಯ. ಒಂದು ವಾರ ಹಾಗೆ, ಇನ್ನೊಂದು ವಾರ ಹೀಗೆ. ದೂರದಲ್ಲಿ ನಿಂತು ಜೂಮ್ ಎಳೆಯುವುದು ಬಿಟ್ಟು ಎರಡು ಹೆಜ್ಜೆ ಹತ್ತಿರ ಹೋಗಲು ಕಲಿತಳು. ಬಟನ್ನನ್ನು ಅರ್ಧ ಒತ್ತಿ, ಉಸಿರು ಬಿಟ್ಟು, ಆಮೇಲೆ ಪೂರ್ತಿ ಒತ್ತಲು ಕಲಿತಳು. ಹಿಂದೆ ಏನಿದೆ ಎಂದು ಮೊದಲು ನೋಡಲು ಕಲಿತಳು, ಅಜ್ಜಿಯರ ತಲೆಯಿಂದ ಫ್ಯಾನುಗಳು ಇಳಿದುಹೋದವು. ಬೆಳಕು ಸಾಲದಾಗ ಏನು ಮಾಡಬೇಕೆಂದು ಕೇಳಿದ್ದಕ್ಕೆ, "ಕತ್ತಲಲ್ಲಿ ಬೆಕ್ಕು ಏನ್ ಮಾಡುತ್ತೆ? ಕಣ್ಣು ಅಗಲ ಮಾಡುತ್ತೆ. ನಿನ್ನ ಲೆನ್ಸೂ ಬೆಕ್ಕು ಅನ್ಕೋ" ಎಂದು ಅಪರ್ಚರ್ ತಿರುಗಿಸುವುದನ್ನು ತೋರಿಸಿಕೊಟ್ಟರು.

ಗುರುವಾರದ ಆ ಒಂದು ಗಂಟೆಗಾಗಿ ಅವಳು ವಾರವಿಡೀ ಮಾತು ಕೂಡಿಡುತ್ತಿದ್ದಳು. ಫಾಲ್ ಹಚ್ಚುತ್ತ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು, ಹೀಗೆ ಶುರುಮಾಡಬೇಕು, ಇದನ್ನು ಕೊನೆಗೆ ಹೇಳಬೇಕು ಎಂದು.

ಅಂಥ ಹೇಳಿಕೆಗಳಲ್ಲಿ ಒಂದು ಮಿಕ್ಕೆಲ್ಲವನ್ನೂ ಮೀರಿಸಿತು. ಅದು ಯಲಹಂಕದ ಫರ್ಹೀನಳ ಮದುವೆಯದು.

ನಿಕಾಹ್ ಮುಗಿದಿತ್ತು. ಮದುಮಗನನ್ನು ಒಳಗೆ ಕರೆತಂದು ಕನ್ನಡಿಯಲ್ಲಿ ಮುಖ ತೋರಿಸುವ ಶಾಸ್ತ್ರಕ್ಕೆ ಇನ್ನೂ ಹೊತ್ತಿತ್ತು. ಫರ್ಹೀನಳ ಹಣೆಗೆ ಸೆಹ್ರಾ ಕಟ್ಟಿದ್ದರು, ಹಣೆಯಿಂದ ಎದೆಯವರೆಗೆ ಇಳಿಬಿಟ್ಟ ಮಲ್ಲಿಗೆ ಸರಗಳ ತೆರೆ. ಅಷ್ಟರಲ್ಲಿ ಕರೆಂಟು ಹೋಯಿತು. ಹೆಂಗಸರೆಲ್ಲ ಸೆಕೆಗೆ ಎದ್ದು ಬಾಗಿಲ ಕಡೆ ಸರಿದರು. ಹುಡುಗಿ ಸೋಫಾದ ಮೇಲೆ ಒಬ್ಬಳೇ ಉಳಿದಳು. ಅಡುಗೆ ಮನೆಯ ಹಿಂಬಾಗಿಲು ಯಾರೋ ತೆರೆದರು. ಸಂಜೆಯ ಬೆಳಕು ಒಂದು ಪಟ್ಟಿಯಾಗಿ ಬಂದು ಅವಳ ಮೇಲೆ ಬಿತ್ತು. ನಜ್ಮುನ್ನೀಸಾ ಬೆಳಕಿಗೆ ಬೆನ್ನು ಕೊಟ್ಟಳು, ಎರಡು ಹೆಜ್ಜೆ ಮುಂದೆ ಹೋದಳು, ಲೆನ್ಸಿನ ಕಣ್ಣು ಅಗಲ ಮಾಡಿದಳು. ಸರಗಳ ಹಿಂದಿನಿಂದ ಫರ್ಹೀನ್ ತಲೆಯೆತ್ತಿ ನೇರ ನೋಡಿದಳು. ನಜ್ಮುನ್ನೀಸಾ ಉಸಿರು ಬಿಟ್ಟು ಒತ್ತಿದಳು.

ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ತೆರೆಯ ಮೇಲೆ ಅದು ಮೂರು ಸೆಕೆಂಡು ಹೊಳೆಯಿತು. ಅಷ್ಟರಲ್ಲಿ ಕರೆಂಟು ಬಂತು, ಗದ್ದಲ ಬಂತು, ಮದುಮಗ ಬಂದ. ಗಂಟೆಯೊಳಗೆ ಕಾರ್ಡು ಲಕೋಟೆ ಸೇರಿತು.

ಎಂಟು ತಿಂಗಳು ಅವಳು ಆ ಚಿತ್ರವನ್ನು ತಲೆಯಲ್ಲಿ ಹೊತ್ತು ತಿರುಗಿದಳು. ದೀಪ ಆರಿಸಿ ಮಲಗಿದಾಗ ತಾರಸಿಯ ಮೇಲೆ ಅದನ್ನೇ ಬಿಡಿಸಿಕೊಂಡು ನೋಡುತ್ತಿದ್ದಳು. ಹಬ್ಬದ ದಿನ ಯಾರೂ ಬಾಗಿಲು ತಟ್ಟದಿದ್ದರೂ ಆ ಚಿತ್ರ ಇತ್ತು. ನರಸಿಂಹಯ್ಯನವರಿಗೆ ಹೇಳಿದ್ದು ಒಂದು ಸಲವಲ್ಲ. ಅವರೇ ಕೇಳುತ್ತಿದ್ದರು: "ಇವತ್ತು ಹೊಸದೇನೂ ಇಲ್ವಾ? ಹಂಗಾದ್ರೆ ಆ ಯಲಹಂಕದ್ದೇ ಇನ್ನೊಂದ್ಸಲ ಹೇಳು." ಅವಳು ಹೇಳುತ್ತಿದ್ದಳು. ಎಷ್ಟು ಎಳೆ ಮಲ್ಲಿಗೆ, ಯಾವ ಸರದಲ್ಲಿ ನಡುವೆ ಒಂದು ಕೆಂಪು ಗುಲಾಬಿ, ಮೊಗ್ಗಿನ ತುದಿಗೆ ಅಂಟಿದ ನೀರ ಹನಿ, ನಾರಿನ ಗಂಟು, ಹಿಂದೆ ಹುಡುಗಿ ತಲೆಯೆತ್ತಿ ನೋಡಿದ್ದು. ಮುದುಕರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

ಮೊನ್ನೆ, ರಂಜಾನಿಗೆ ಮುಂಚಿನ ಶಾಬಾನ್ ತಿಂಗಳಲ್ಲಿ, ಸಂಜಯನಗರದಿಂದ ಒಬ್ಬಾಕೆಯ ಫೋನು ಬಂತು. ಮಗಳ ಮದುವೆ. "ನಮೂನೆ ಕಳಿಸಿ ಆಪಾ. ಎರಡು ಮೂರು ಫೋಟೊ. ಭಾನುವಾರದೊಳಗೆ."

"ನಾನು ಇಟ್ಕೊಳ್ಳಲ್ವಲ್ಲ ಬಹೆನ್. ಅದೇ ನಮ್ಮ ಕಟ್ಟುಪಾಡು."

"ಅದು ಸರಿ. ಆದ್ರೆ ಆಯೇಷಾ ಅಂತ ಒಬ್ಬ ಹುಡುಗಿ ಇದಾಳೆ, ಇನ್‌ಸ್ಟಾದಲ್ಲಿ ಕೈಯಿಂದು, ಬೆನ್ನಿಂದು, ಒಡವೇದು ಎಲ್ಲ ಹಾಕ್ತಾಳೆ, ಮುಖ ಬಿಟ್ಟು. ನನ್ನ ಮಗಳು ಅವಳೇ ಬೇಕು ಅಂತಾಳೆ. ನಾನೇ ನಿಮ್ಮ ಹೆಸರು ಹೇಳಿದ್ದು. ಏನೂ ನೋಡದೆ ಹೆಂಗೆ ಹೇಳ್ಲಿ ನೀವೇ ಹೇಳಿ?"

ಅದೇ ತಿಂಗಳಲ್ಲಿ ಹೀಗೆ ಕೇಳಿದ ಮೂರನೆಯವಳು ಈಕೆ. ಮೊದಲಿಬ್ಬರು ಮತ್ತೆ ಫೋನು ಮಾಡಿರಲಿಲ್ಲ. ಮದುವೆಗಳು ನಿಂತರೆ ಗುರುವಾರಕ್ಕೆ ಹೇಳುವುದೇನೂ ಉಳಿಯುವುದಿಲ್ಲ, ಮಿಷನ್ನು ಮತ್ತು ಸೊಪ್ಪಿನವನು ಇಬ್ಬರೇ ಉಳಿಯುತ್ತಾರೆ. ಹತ್ತು ಬೇಡ, ಒಂದು ಸಾಕು, ತನ್ನದು ಎಂದು ತೋರಿಸಬಹುದಾದ ಒಂದು ಚಿತ್ರ. ಯಾವುದು ಎಂದು ಯೋಚಿಸಬೇಕಾಗಿರಲಿಲ್ಲ. ಮಾರನೆಯ ದಿನವೇ ಹೆಬ್ಬಾಳದಲ್ಲಿ ಬಸ್ಸು ಹಿಡಿದು, ಆಧಾರ್ ತೋರಿಸಿ ಟಿಕೆಟ್ ಹರಿಸಿಕೊಂಡು, ಯಲಹಂಕಕ್ಕೆ ಹೊರಟಳು.

ಫರ್ಹೀನ್ ಬಸುರಿಯಾಗಿ ತವರಿಗೆ ಬಂದಿದ್ದಳು. ತಾಯಿ ಚಹಾ ತಂದರು. ನಜ್ಮುನ್ನೀಸಾ ಲೋಟ ಹಿಡಿದು, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ಬಿಚ್ಚಿದಳು. ಒಂದೇ ಒಂದು ಫೋಟೊ. ಹೆಂಗಸರಿಗಷ್ಟೇ ತೋರಿಸುತ್ತೇನೆ. ಕಲಿಸಿದ ಹಿರಿಯರೊಬ್ಬರಿದ್ದಾರೆ, ಅವರಿಗೆ ಒಂದು ಸಲ. ನೀವು ಬೇಡ ಅಂದರೆ ಬೇಡ.

"ಯಾವುದು ಖಾಲಾ?" ಎಂದಳು ಫರ್ಹೀನ್.

"ಕರೆಂಟು ಹೋಗಿತ್ತಲ್ಲ. ಸೆಹ್ರಾ ಕಟ್ಕೊಂಡು ನೀನೊಬ್ಬಳೇ ಕೂತಿದ್ದೆ."

ಫರ್ಹೀನ್ ಬಾಯಿಗೆ ದುಪಟ್ಟ ಅಡ್ಡ ಹಿಡಿದು ನಕ್ಕಳು. "ಅಮ್ಮೀ, ಹೂವಿನಂಗಡಿ ಫೋಟೊ."

ನಜ್ಮುನ್ನೀಸಾಗೆ ಅರ್ಥವಾಗಲಿಲ್ಲ. ತಾಯಿ ಒಳಗಿಂದ ಆಲ್ಬಮ್ ತಂದು ಮಂಚದ ಮೇಲೆ ಬಿಡಿಸಿದರು. ತಾನು ತೆಗೆದದ್ದನ್ನು ಕಾಗದದ ಮೇಲೆ ಅಷ್ಟು ದೊಡ್ಡದಾಗಿ ಅವಳು ನೋಡುತ್ತಿದ್ದದ್ದು ಅದೇ ಮೊದಲು. ಹಾಳೆ ತಿರುಗುತ್ತ ಹೋಯಿತು. ಅಂಗೈ, ಬಳೆ, ಅಕ್ಕತಂಗಿಯರ ಸಾಲು. ಪರವಾಗಿಲ್ಲ ಅನ್ನಿಸಿತು. ಆಮೇಲೆ ಎರಡು ಪುಟ ಸೇರಿಸಿ ಹಾಕಿದ ಒಂದೇ ಚಿತ್ರ ಬಂತು.

ಮಲ್ಲಿಗೆ ಕೈಗೆ ಸಿಗುವ ಹಾಗಿತ್ತು. ದಳದ ಮೇಲಿನ ಗೆರೆ ಕಾಣುತ್ತಿತ್ತು, ನಾರಿನ ಗಂಟು ಕಾಣುತ್ತಿತ್ತು, ನೀರ ಹನಿಯೊಳಗೆ ಬಾಗಿಲು ಕೂಡ ಕಾಣುತ್ತಿತ್ತು. ಅದರ ಹಿಂದೆ, ಬಿಸಿನೀರಿನ ಹಬೆಯ ಆಚೆ ಯಾರೋ ನಿಂತಂತೆ, ಒಂದು ಮುಖದ ಮಸುಕು. ಕಣ್ಣಿರಬೇಕಾದಲ್ಲಿ ಎರಡು ಕಪ್ಪು ಕಲೆ.

"ಹೂವು ಮಾತ್ರ ಸಖತ್ತಾಗಿ ಬಂದಿದೆ ಖಾಲಾ. ನಾನೇ ಬಂದಿಲ್ಲ" ಎಂದಳು ಫರ್ಹೀನ್. "ಜೀಷಾನ್ ಹೇಳ್ತಾರೆ, ಇದನ್ನ ಮಾರ್ಕೆಟ್‌ನಲ್ಲಿ ಹೂವಿನಂಗಡಿಯೋನಿಗೆ ಕೊಟ್ರೆ ಬೋರ್ಡ್ ಹಾಕ್ಕೊಳ್ತಾನೆ ಅಂತ." ಜೀಷಾನ್ ಅವಳ ಗಂಡ.

"ಸುಮ್ನಿರೇ" ಎಂದರು ತಾಯಿ. ಆಮೇಲೆ ನಜ್ಮುನ್ನೀಸಾಳ ಕಡೆ ತಿರುಗಿ, ನಿಜವಾದ ಅಕ್ಕರೆಯಿಂದ ಅಂದರು: "ಇದೇ ತಾನೆ? ತಗೊಂಡು ಹೋಗಿ ಆಪಾ. ಯಾರಿಗೆ ಬೇಕಾದ್ರೂ ತೋರಿಸಿ, ಗಂಡಸರಿಗೂ ತೋರಿಸಿ. ಮುಖಾನೇ ಕಾಣಲ್ವಲ್ಲ, ಏನ್ ತೊಂದ್ರೆ."

ಅಲ್ಲಿಯೇ ಫೋನಿನಲ್ಲಿ ಕಳಿಸಿಯೂಬಿಟ್ಟರು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವಳು ತೆಗೆದ ಚಿತ್ರ ಅವಳ ಬಳಿ ಉಳಿಯಿತು. ಬಸ್ಸಿನಲ್ಲಿ ಕೂತು ಫೋನು ತೆಗೆಯಲೇ ಇಲ್ಲ.

ಗುರುವಾರ ನರಸಿಂಹಯ್ಯನವರು ಎಂದಿನಂತೆ ಕೌಂಟರಿಗೆ ಕೈಯೂರಿ ಕಣ್ಣು ಮುಚ್ಚಿದರು. "ಹೇಳಮ್ಮ, ನೋಡೋಣ."

"ಹೇಳಲ್ಲ ಸಾರ್. ನೋಡಿ."

ಅವರು ಕನ್ನಡಕ ಹಾಕಿಕೊಂಡು ಫೋನನ್ನು ದೂರ ಹಿಡಿದರು, ಹತ್ತಿರ ಹಿಡಿದರು. ಆಮೇಲೆ ಮೆಲ್ಲಗೆ, "ಫೋಕಸ್ಸು ಹೂವಿಗೆ ಬಿದ್ದಿದೆ" ಎಂದರು. "ಕ್ಯಾಮೆರಾಗೆ ಬಿಟ್ರೆ ಹತ್ತಿರ ಇರೋದನ್ನೇ ಹಿಡಿಯೋದು. ಲೆನ್ಸ್ ಅಷ್ಟು ಅಗಲ ತೆರೆದಿದ್ದೀಯಾ, ಒಂದು ಗೇಣು ಹಿಂದಿರೋದೂ ಕರಗೋಗುತ್ತೆ."

ಅವರ ದನಿಯಲ್ಲಿ ಬೆರಗಿರಲಿಲ್ಲ. ಅದು ಅವಳ ಕಿವಿಗೆ ತಾಗಿತು.

"ನಿಮಗೆ ಗೊತ್ತಿತ್ತಾ?"

ಅವರು ಗಾಜಿನ ಮೇಲೆ ಇಲ್ಲದ ಧೂಳು ಒರೆಸಿದರು.

"ಸಾರ್, ಗೊತ್ತಿತ್ತಾ?"

"ಅನುಮಾನ ಇತ್ತು. ನೀನು ಪ್ರತಿ ಸಲ ಹೂವಿಂದೇ ಹೇಳ್ತಿದ್ದೆ. ಎಳೆ, ಗಂಟು, ಹನಿ. ಕಣ್ಣಿನ ವಿಷಯ ಬಂದ್ರೆ, ಹುಡುಗಿ ನೋಡಿದ್ಲು, ಅಷ್ಟೆ. ಕಣ್ಣು ಕಂಡೋಳು ಕಣ್ಣಲ್ಲೇನಿತ್ತು ಅಂತ ಹೇಳ್ತಾಳೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಈ ಅಂಗಡಿಗೆ ಬರೋದೆಲ್ಲ ಪಾಸ್‌ಪೋರ್ಟ್ ಸೈಜ್ ಮುಖಗಳು ಕಣಮ್ಮ. ನಗಬೇಡಿ, ಕಿವಿ ಕಾಣ್ಲಿ, ಕನ್ನಡಕ ತೆಗೀರಿ, ದಿನಾ ಅಷ್ಟೇ ನನ್ನ ಮಾತು." ಫೋನನ್ನು ಅವಳ ಕಡೆ ಸರಿಸಿದರು. "ನೀನು ಅದನ್ನ ಹೇಳೋವಾಗ ನಂಗೆ ಕಾಣ್ತಿತ್ತು. ಮುಖಾನೂ ಕಾಣ್ತಿತ್ತು, ತಪ್ಪೇ ಇಲ್ದೆ. ಕೆಡಿಸೋಕೆ ಮನಸ್ಸು ಬರ್ಲಿಲ್ಲ."

"ಹನ್ನೊಂದು ಮದುವೆ ಆಯ್ತು ಸಾರ್ ಅದಾದ ಮೇಲೆ. ಹನ್ನೊಂದು ಹೆಣ್ಣುಮಕ್ಕಳಿಗೆ ಸೆಹ್ರಾ ಕಟ್ಟಿದ್ರು. ಅದೇ ಥರ ತೆಗೆದೆ, ಇದೇ ಚೆನ್ನಾಗಿದೆ ಅನ್ಕೊಂಡು. ಅವರಿಗೆಲ್ಲ ಮುಖ ಬಂದಿದೆಯೋ ಇಲ್ವೋ ನಾನು ಎಲ್ಲಿ ಹೋಗಿ ನೋಡ್ಲಿ?"

ಮುದುಕರು ತಲೆ ತಗ್ಗಿಸಿದರು. ಆ ಹನ್ನೊಂದರ ಲೆಕ್ಕ ಅವರ ಮನಸ್ಸಿಗೆ ಬಂದೇ ಇರಲಿಲ್ಲ. ಆಮೇಲೆ ಅವಳ ಕ್ಯಾಮೆರಾ ತೆಗೆದುಕೊಂಡು, ಲೆನ್ಸಿನ ಪಕ್ಕದ ಸಣ್ಣ ಗುಂಡಿಯನ್ನು ಕೆಳಗೆ ಸರಿಸಿ, ಮುಂದಿನ ಫೋಕಸ್ ಉಂಗುರವನ್ನು ಕೈಯಲ್ಲಿ ತಿರುಗಿಸಿ ತೋರಿಸಿದರು. ಹತ್ತಿರದ್ದು ಕರಗಿ ದೂರದ್ದು ಮೂಡುತ್ತಿತ್ತು. ಚಿತ್ರವನ್ನು ತೆರೆಯ ಮೇಲೆ ಹಿಗ್ಗಿಸಿ ನೋಡುವ ಬಟನ್ನೊಂದಿತ್ತು. ರೀಲಿನ ಕಾಲದ ಅವರಿಗೆ ಅದನ್ನು ಹೇಳಿಕೊಡಬೇಕೆಂದು ಹೊಳೆದಿರಲಿಲ್ಲ, ಕಾರ್ಡು ಕೊಡುವ ಆತುರದಲ್ಲಿ ಅವಳೂ ಒತ್ತಿರಲಿಲ್ಲ. ಇಬ್ಬರೂ ಈಗ ಒತ್ತಿ ನೋಡಿದರು. ಅವಳು ಸಲಾಮ್ ಹೇಳದೆ ಇಳಿದು ಹೋದಳು.

ಮರುದಿನ ಸಂಜೆ ಎರಡು ಮಾರು ಮಲ್ಲಿಗೆ ತಂದಳು. ಮಹಡಿಯ ಮೇಲೆ ಬಟ್ಟೆ ಒಣಹಾಕುವ ತಂತಿಗೆ ಸರಗಳನ್ನು ಸಾಲಾಗಿ ಇಳಿಬಿಟ್ಟಳು. ಹಿಂದೆ ಒಂದು ಮುಖ ಬೇಕಲ್ಲ. ಯಾರನ್ನು ಕರೆಯುವುದು ಎಂದು ನಿಂತು ಯೋಚಿಸಿದಳು. ಒಂದು ಹೆಸರೂ ಬರಲಿಲ್ಲ. ಕೊನೆಗೆ ಕುರ್ಚಿಯ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ಅನ್ನದ ತಪ್ಪಲೆ ಬೋರಲು ಹಾಕಿ, ಕಾಡಿಗೆಯಲ್ಲಿ ಎರಡು ಕಣ್ಣು ಬರೆದಳು.

ಕ್ಯಾಮೆರಾ ತಾನಾಗಿ ಹಿಡಿದರೆ ಹೂವು. ಉಂಗುರ ತಿರುಗಿಸಿದರೆ ಹೂವೂ ಇಲ್ಲ, ತಪ್ಪಲೆಯೂ ಇಲ್ಲ, ಹಿಂದಿನ ನೀರಿನ ಟ್ಯಾಂಕು. ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದರೆ ತಪ್ಪಲೆಯ ಅಂಚು. ಒತ್ತುವುದು, ಹಿಗ್ಗಿಸಿ ನೋಡುವುದು, ಅಳಿಸುವುದು. ಕತ್ತಲಾಗುವ ತನಕ ಮಾಡಿದಳು. ಶನಿವಾರ ಹೂವು ಬಾಡಿತ್ತು, ಹೊಸದು ತಂದು ಮತ್ತೆ ಕೂತಳು.

ಮನೆಯೊಡತಿ ಮುನಿಕೃಷ್ಣಮ್ಮ ಒಣಗಿದ ಮೆಣಸಿನಕಾಯಿ ತೆಗೆಯಲು ಮೇಲೆ ಬಂದರು. ಅರವತ್ತೆಂಟರ ಹೆಂಗಸು. ಒಂದು ಕಾಲಕ್ಕೆ ಆ ಬೀದಿಯೆಲ್ಲ ಅವರ ಮನೆಯವರ ಸೊಪ್ಪಿನ ತೋಟ. ಬಾಗಿಲಲ್ಲೇ ನಿಂತುಬಿಟ್ಟರು.

"ಏನವ್ವ ನಜ್ಮಾ, ಯಾರ್ದು ಮದ್ವೆ? ತಪ್ಪಲೇದಾ?"

"ಕಲೀತಿದ್ದೀನಿ ಅಮ್ಮ."

"ಎಣ್ಣು ಲಕ್ಷಣವಾಗವಳೆ. ಗಂಡು ಯಾರು, ಕುಕ್ಕರ್ರಾ? ಕೊಟ್ಬುಡು. ವಿಸಿಲ್ ಒಡ್ಕೊಂಡು ಕರ್ಕೊಂಡೋಗ್ತಾನೆ."

ಎಷ್ಟೋ ದಿನದ ಮೇಲೆ ನಜ್ಮುನ್ನೀಸಾ ನಕ್ಕಳು. ಆದರೆ ಮುಖಕ್ಕೂ ತಪ್ಪಲೆಗೂ ವ್ಯತ್ಯಾಸವಿದೆ, ತಪ್ಪಲೆ ಉಸಿರಾಡುವುದಿಲ್ಲ, ಅದರಿಂದ ಇನ್ನು ಕಲಿಯುವುದೇನೂ ಇಲ್ಲ ಎಂದು ಹೇಳಿಕೊಂಡಳು.

"ಅದ್ಕೇನ್ ಬುಡು, ನಾನ್ ಕೂತ್ಕತೀನಿ" ಎಂದು ಮುನಿಕೃಷ್ಣಮ್ಮ ತಪ್ಪಲೆ, ಸ್ಟೂಲು ಎತ್ತಿಟ್ಟು ಮುಂದೆ ಬಂದವರು ಸರಗಳ ಹತ್ತಿರ ತಡೆದು ನಿಂತರು. "ಊವ ಅಲ್ವೇನವ್ವ ಇದು. ನಮ್ಮೆಜಮಾನ್ರು ಓಗಿ ಇಪ್ಪತ್ತೊಂದ್ ವರ್ಸ ಆಯ್ತು. ಮುಟ್ಟಿಲ್ಲ ನಾನು."

"ಬೇಡ ಅಂದ್ರೆ ಬೇಡ ಅಮ್ಮ."

ಅವರು ಮೆಟ್ಟಿಲ ಕಡೆ ನೋಡಿದರು. ಯಾರೂ ಇರಲಿಲ್ಲ. "ಮುಡ್ಕೊಳೋದಲ್ವಲ್ಲ. ಮುಂದೆ ತೂಗ್ತದೆ ಅಷ್ಟೇಯ" ಎಂದು ತಮಗೆ ತಾವೇ ಹೇಳಿಕೊಂಡು ಕೂತರು.

ನಜ್ಮುನ್ನೀಸಾ ಬೆಳಕಿಗೆ ಬೆನ್ನು ಕೊಟ್ಟು ಉಂಗುರ ತಿರುಗಿಸಿದಳು. ಮೊದಲು ಹೂವು ಗಟ್ಟಿಯಾಗಿ ಬಂತು. ಬಿಡಲಿಲ್ಲ, ಇನ್ನೊಂದಿಷ್ಟು ತಿರುಗಿಸಿದಳು. ಸರಗಳು ಕರಗಿ ಬಿಳಿ ಮಂಜಾದವು, ಆ ಮಂಜಿನೊಳಗಿನಿಂದ ಮೊದಲು ಒಂದು ರೆಪ್ಪೆ ಬಂತು, ಆಮೇಲೆ ಕಣ್ಣು ಬಂತು. ಅದರಲ್ಲಿ ಅಳುವಿರಲಿಲ್ಲ. ಬಾಗಿಲ ಮರೆಯಲ್ಲಿ ಬೆಲ್ಲ ಕದ್ದು ಬಾಯಿಗೆ ಹಾಕಿಕೊಂಡ ಮಗುವಿನ ಕಣ್ಣು. ಹೆದರಿಕೆಯೂ ಇತ್ತು, ಸವಿಯೂ ಇತ್ತು. ಒತ್ತಿದಳು.

ಹಿಗ್ಗಿಸಿ ನೋಡಿದಳು. ಕಣ್ಣು ನಿಂತಿತ್ತು. ಇನ್ನೂ ಹಿಗ್ಗಿಸಿದಳು. ಕಣ್ಣಪಾಪೆಯಲ್ಲಿ ತಂತಿ, ತಂತಿಯ ಆಚೆ ಆಕಾಶ. ಇದು ತಲೆಯಲ್ಲಿ ಕಟ್ಟಿಕೊಂಡದ್ದಲ್ಲ, ಎದುರಿಗಿತ್ತು. ತನಗೆ ಬರುತ್ತದೆ ಎಂದು ಅವಳಿಗೆ ಮೊಟ್ಟಮೊದಲ ಬಾರಿ ಗೊತ್ತಾಯಿತು.

ಮುನಿಕೃಷ್ಣಮ್ಮ ಬಗ್ಗಿ ನೋಡಿ ಸೆರಗು ಎಳೆದುಕೊಂಡರು. "ಇದು ಯಾರ್ತಾವ್ಲಾದ್ರೂ ಓಯ್ತದಾ?"

"ನಮೂನೆ ಕೇಳಿದ್ದಾರೆ ಅಮ್ಮ, ನಾಳೆಯೊಳಗೆ. ಹೆಸರು ಹೇಳಲ್ಲ."

"ಯೆಸ್ರಲ್ಲ ಕಣವ್ವ. ಮೊಕ ಐತಲ್ಲ." ದನಿ ತಗ್ಗಿತು. "ನನ್ ಮೈದ್ನ ಅನಂತರಾಜು ಕಣ್ಗೆ ಬಿದ್ರೆ, ಈ ವಯಸ್ನಾಗೆ ಇವ್ಳಿಗೇನ್ ಊವಿನ್ ಶೋಕಿ ಅಂತಾನೆ. ಅವ್ನ ಸೊಸೇರೂ ನಗ್ತಾರೆ. ತೆಗ್ದಾಕ್ಬುಡವ್ವ."

ನಜ್ಮುನ್ನೀಸಾ ಕ್ಯಾಮೆರಾ ಹಿಡಿದು ನಿಂತಳು. ಕಳಿಸಿದರೆ ಈಕೆಗೆ ತಿಳಿಯುವುದೂ ಇಲ್ಲ. ಸಂಜಯನಗರದ ಯಾರೋ ತಾಯಿ ಮಗಳು ಒಂದು ಗಳಿಗೆ ನೋಡುತ್ತಾರೆ, ಅಷ್ಟೆ. ಆ ಮಾತು ನಾಲಿಗೆಯ ತುದಿಯವರೆಗೆ ಬಂತು.

"ತಾಳು, ಇನ್ನೊಂದ್ ಕಿತ ನೋಡ್ತೀನಿ" ಎಂದರು ಮುನಿಕೃಷ್ಣಮ್ಮ. ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಹಿಡಿದು, ಬಿಸಿಲಿಗೆ ಮರೆ ಮಾಡಿಕೊಂಡು ನೋಡಿದರು. ಮೆಣಸಿನಕಾಯಿ ಹರವಿದ ಬಟ್ಟೆ ಗಾಳಿಗೆ ಮಗುಚಿಕೊಂಡರೂ ತಲೆಯೆತ್ತಲಿಲ್ಲ. ಆಮೇಲೆ ವಾಪಸು ಕೊಟ್ಟು, "ಊಂ. ತೆಗ್ದಾಕು" ಎಂದರು.

ಅಳಿಸಲೇ ಎಂದು ಕ್ಯಾಮೆರಾ ಇನ್ನೊಮ್ಮೆ ಕೇಳಿತು. ಆಕೆಯ ಕಣ್ಣೆದುರಿಗೇ ಒತ್ತಿದಳು.

ಭಾನುವಾರ ಬೆಳಗ್ಗೆ ಸಂಜಯನಗರದಾಕೆಗೆ ಹೂವಿನಂಗಡಿ ಫೋಟೊ ಕಳಿಸಿ, ಅದರ ಹಿಂದೆಯೇ ದನಿಯನ್ನೂ ರೆಕಾರ್ಡ್ ಮಾಡಿ ಕಳಿಸಿದಳು. "ಬಹೆನ್, ನನ್ನ ಹತ್ರ ಇರೋದು ಇದೊಂದೇ. ಇದರಲ್ಲಿ ಹುಡುಗಿ ಮುಖ ಬಂದಿಲ್ಲ, ತಪ್ಪು ನಂದು. ಈಗ ತೆಗೆದ್ರೆ ಬರುತ್ತೆ. ಅದನ್ನ ತೋರಿಸೋಕೆ ನನ್ನ ಹತ್ರ ಏನೂ ಇಲ್ಲ." ಆಕೆ ನೋಡಿದ ಗುರುತಿಗೆ ಎರಡು ನೀಲಿ ಗೆರೆ ಬಂದವು. ಉತ್ತರ ಬರಲಿಲ್ಲ.

ಮಧ್ಯಾಹ್ನದ ತನಕ ಫೋನನ್ನು ಮಿಷನ್ನಿನ ಮೇಲಿಟ್ಟುಕೊಂಡು ಕೂತಳು. ಆಮೇಲೆ ಎದ್ದು, ಮದುವೆಗಳ ತಾರೀಕು ಬರೆದಿಡುವ ಪುಸ್ತಕ ತೆಗೆದು, ಯಲಹಂಕದ ಮದುವೆ ಕಳೆದ ಮೇಲಿನ ಹನ್ನೊಂದರಲ್ಲಿ ಮೊದಲ ವಿಳಾಸವನ್ನು ಚೀಟಿಗೆ ಬರೆದುಕೊಂಡಳು. ಟಿ. ದಾಸರಹಳ್ಳಿ. ಮೇಖ್ರಿ ಸರ್ಕಲ್ಲಿನಲ್ಲಿ ಒಂದು ಬಸ್ಸು, ಯಶವಂತಪುರದಲ್ಲಿ ಇನ್ನೊಂದು.

ಬಾಗಿಲು ತೆರೆದವಳು ಮದುಮಗಳ ತಾಯಿ. ಕೈಯಲ್ಲಿ ಹಿಟ್ಟು ಮೆತ್ತಿತ್ತು. ಗುರುತು ಹತ್ತಲಿಲ್ಲ.

"ನಿಮ್ಮ ಫಾಯಿಜಾ ಮದುವೇಲಿ ಫೋಟೊ ತೆಗೆದಿದ್ದೆ, ನಜ್ಮುನ್ನೀಸಾ."

"ಹಾಂ, ಹಾಂ. ಏನ್ ಕೆಲಸ ಇತ್ತು?"

"ಫೋಟೊ ನೋಡ್ಬೇಕಿತ್ತು."

"ಯಾರ ಫೋಟೊ?"

"ನಾನು ತೆಗೆದದ್ದೇ. ನಾನಿನ್ನೂ ನೋಡಿಲ್ಲ."

ಆಕೆ ಬಾಗಿಲ ಮೇಲಿಟ್ಟ ಕೈ ತೆಗೆಯದೆ ಇವಳನ್ನು ಮೇಲಿನಿಂದ ಕೆಳಗೆ ನೋಡಿದಳು. ನಜ್ಮುನ್ನೀಸಾ ಚಪ್ಪಲಿ ಬಿಟ್ಟು, ಹೊಸ್ತಿಲಿನ ಈಚೆಯೇ ನಿಂತು ಕಾದಳು.